ರೋಗಿಯನ್ನು ಕಾಯುವವರನ್ನು ಕಾಯುವವರಾರು?

ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ್ ದಾದಿಯ ವೃತ್ತಿಯನ್ನು ನೆಚ್ಚಿ ಮುಂಬಯಿಗೆ ಹೋದವರು. 1973ರ ನವೆಂಬರ್ 27ರಂದು, ದಿನದ ಕೆಲಸ ಮುಗಿಸಿ ಕೆಇಎಂ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಾಯಿಸುತ್ತಿದ್ದಾಗ, ಅದೇ ಆಸ್ಪತ್ರೆಯ ನೌಕರನೊಬ್ಬ ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಅತ್ಯಾಚಾರವೆಸಗಿದ. ಮೆದುಳಿಗೆ ಪ್ರಾಣವಾಯು ತಲುಪದೆ ಅವರು ಜೀವಚ್ಛವವಾದರು. ಆ ಬಳಿಕ 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ, ಅಂದರೆ ಸುಮಾರು 42 ವರ್ಷಗಳ ಕಾಲ, ಅವರನ್ನು ಉಣಿಸಿ, ತೊಳೆದು, ಮಗ್ಗುಲು ಬದಲಿಸಿ ಸಾಕಿದವರು ಅದೇ ಆಸ್ಪತ್ರೆಯ ದಾದಿಯರು. ಒಂದು ತಲೆಮಾರು ನಿವೃತ್ತವಾದಾಗ ಮುಂದಿನ ತಲೆಮಾರು ಆ ಹೊಣೆಯನ್ನು ಹೊತ್ತುಕೊಂಡಿತು. ಅವರಿಗೆ ದಯಾಮರಣ ನೀಡಬೇಕೆಂಬ ಅರ್ಜಿಯನ್ನು 2011ರ ಮಾರ್ಚ್ 7ರಂದು ತಿರಸ್ಕರಿಸಿದ ಸುಪ್ರೀಮ್ ಕೋರ್ಟ್, ಈ ದಾದಿಯರ ಶುಶ್ರೂಷೆಯನ್ನು ಮನಸಾರೆ ಶ್ಲಾಘಿಸಿತ್ತು. ಅಪರಾಧಿಗೆ ಸಿಕ್ಕಿದ್ದು ಕೊಲೆಯತ್ನ ಮತ್ತು ದರೋಡೆಗಾಗಿ ಏಳು ವರ್ಷಗಳ ಸಜೆ. ಅತ್ಯಾಚಾರದ ಆರೋಪವನ್ನೇ ಅವನ ಮೇಲೆ ಹೊರಿಸಲಾಗಿರಲಿಲ್ಲ.

ಇದಾಗಿ ಅರ್ಧ ಶತಮಾನ ಸರಿದ ಮೇಲೆ, 2024ರ ಆಗಸ್ಟ್ 9ರಂದು, ಕೋಲ್ಕತಾದ ಆರ್.ಜಿ. ಕರ್ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಸೆಮಿನಾರ್ ಕೊಠಡಿಯಲ್ಲಿ 31 ವರ್ಷದ ಸ್ನಾತಕೋತ್ತರ ವೈದ್ಯೆಯ ಶವ ಪತ್ತೆಯಾಯಿತು. ಸತತ 36 ಗಂಟೆಗಳ ಕರ್ತವ್ಯದ ನಡುವೆ ತುಸು ನಿದ್ರೆಗೆಂದು ಆಕೆ ಅಲ್ಲಿಗೆ ಹೋಗಿದ್ದರು. ದೇಶದಾದ್ಯಂತ ವೈದ್ಯರು ಬೀದಿಗಿಳಿದರು. ರಾಜಕೀಯ ಪಕ್ಷಗಳು ತಮಗೆ ಬೇಕಾದ ಬಣ್ಣವನ್ನು ಆ ಸಾವಿಗೆ ಬಳಿದವು. 2025ರ ಜನವರಿಯಲ್ಲಿ ಅಪರಾಧಿಗೆ ಜೀವಾವಧಿ ಶಿಕ್ಷೆಯಾಯಿತು. ಟಿವಿ ಚಾನೆಲ್‌ಗಳು ಬೇರೆ ವಿಷಯಕ್ಕೆ ಹೊರಳಿದವು.

ಈ ಎರಡೂ ಪ್ರಕರಣಗಳಲ್ಲಿ ದುಷ್ಕರ್ಮಿಯ ಪಾಪವನ್ನು ಕಿಂಚಿತ್ತೂ ಕಡಿಮೆ ಮಾಡದೆಯೇ ನಾವು ಕೇಳಬೇಕಾದ ಪ್ರಶ್ನೆಯೊಂದಿದೆ. ದೇಶದ ಹೆಸರಾಂತ ಆಸ್ಪತ್ರೆಯೊಂದರಲ್ಲಿ ದಾದಿಯೊಬ್ಬಳು ಬಟ್ಟೆ ಬದಲಿಸಲು ನೆಲಮಾಳಿಗೆಗೆ ಏಕೆ ಇಳಿಯಬೇಕಿತ್ತು? ಐವತ್ತು ವರ್ಷಗಳ ಅನಂತರವೂ ವೈದ್ಯೆಯೊಬ್ಬಳು ಮಲಗಲು ಸೆಮಿನಾರ್ ಕೊಠಡಿಯನ್ನು ಏಕೆ ಹುಡುಕಬೇಕಾಯಿತು? ಇಬ್ಬರಿಗೂ ಬೇಕಿದ್ದುದು ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ. ಚಂದ್ರನಲ್ಲಿಗೆ ನೌಕೆ ಕಳುಹಿಸಿದ ದೇಶಕ್ಕೆ ಅದನ್ನು ಒದಗಿಸಲು ಸಾಧ್ಯವಾಗಲಿಲ್ಲ.

ಕೋಲ್ಕತಾ ಪ್ರಕರಣವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಸುಪ್ರೀಮ್ ಕೋರ್ಟ್, 2024ರ ಆಗಸ್ಟ್ 20ರ ಆದೇಶದಲ್ಲಿ ಈ ಕೊರತೆಗಳನ್ನು ಗುರುತಿಸಿತು. ರಾತ್ರಿ ಪಾಳಿಯವರಿಗೆ ವಿಶ್ರಾಂತಿ ಕೊಠಡಿಯಿಲ್ಲದಿರುವುದು, 36 ಗಂಟೆಗಳ ದುಡಿಮೆ, ಸಾರಿಗೆಯ ಅಭಾವ, ಶೌಚಾಲಯದ ಕೊರತೆ ಎಲ್ಲವೂ ಅದರಲ್ಲಿವೆ. ನ್ಯಾಯಾಲಯ ರಚಿಸಿದ ರಾಷ್ಟ್ರೀಯ ಕಾರ್ಯಪಡೆಯು, ವೈದ್ಯರ ರಕ್ಷಣೆಗೆ ಪ್ರತ್ಯೇಕ ಕೇಂದ್ರ ಕಾನೂನಿನ ಅಗತ್ಯವಿಲ್ಲ, ರಾಜ್ಯಗಳ ಕಾಯಿದೆಗಳು ಮತ್ತು ದಂಡಸಂಹಿತೆಯೇ ಸಾಕು ಎಂದಿತು. ವೈದ್ಯ ಸಂಘಟನೆಗಳಿಗೆ ಇದು ಸಮಾಧಾನ ತರಲಿಲ್ಲ. ಕರ್ನಾಟಕದಲ್ಲಂತೂ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯುವ ಕಾಯಿದೆ 2009ರಿಂದಲೇ ಇದೆ. ಅದು ಹಲ್ಲೆ ನಡೆದ ಮೇಲೆ ಬಳಕೆಗೆ ಬರುತ್ತದೆ. ಹಲ್ಲೆಗೂ ರಾಜೀನಾಮೆಗೂ ದಾರಿ ಮಾಡಿಕೊಡುವ ದಿನನಿತ್ಯದ ಸ್ಥಿತಿಯನ್ನು ಯಾವ ದಂಡಸಂಹಿತೆಯೂ ಮುಟ್ಟುವುದಿಲ್ಲ.

ದುಡಿಮೆಯ ಅವಧಿಯನ್ನೇ ನೋಡೋಣ. ಸ್ನಾತಕೋತ್ತರ ವ್ಯಾಸಂಗದ ವೈದ್ಯರು ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆ ಮೀರದಂತೆ ದುಡಿಯಬೇಕು, ಸರದಿಯಂತೆ ವಾರಕ್ಕೊಂದು ರಜೆ ಸಿಗಬೇಕು ಎಂದು ಕೇಂದ್ರ ಆರೋಗ್ಯ ಸಚಿವಾಲಯ ನಿರ್ದೇಶನ ಹೊರಡಿಸಿದ್ದು 1992ರಲ್ಲಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯೊಂದು ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ವರದಿ ಕೊಟ್ಟದ್ದು 2024ರಲ್ಲಿ. ವಾರಕ್ಕೆ 74 ಗಂಟೆ ಮೀರದಿರಲಿ ಎಂಬುದು ಅದರ ಶಿಫಾರಸು. ಮೂವತ್ತೆರಡು ವರ್ಷಗಳಲ್ಲಿ ನಾವು ಮುಂದೆ ಸಾಗಿದೆವೋ ಹಿಂದೆ ಸರಿದೆವೋ ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು. ನಿದ್ರೆಗೆಟ್ಟ ಲಾರಿ ಚಾಲಕನನ್ನು ಕಂಡರೆ ನಾವು ಹೆದರುತ್ತೇವೆ. ಎರಡು ರಾತ್ರಿ ಕಣ್ಣು ಮುಚ್ಚದವರ ಕೈಗೆ ಸೂಜಿ ಮತ್ತು ಚೂರಿ ಕೊಟ್ಟು ನಮ್ಮ ಮಗುವನ್ನು ಒಪ್ಪಿಸುವಾಗ ಮಾತ್ರ ಆ ಭಯ ನಮ್ಮನ್ನು ಕಾಡುವುದಿಲ್ಲ.

ವೈದ್ಯರ ಮಾತನ್ನಾದರೂ ಕೇಳುವವರಿದ್ದಾರೆ. ದಾದಿಯರ ಪಾಡು ಅದಕ್ಕಿಂತ ಹೀನಾಯವಾದುದು. ಸಾಮಾನ್ಯ ಆಸ್ಪತ್ರೆಗಳಲ್ಲಿ ಐವರು ರೋಗಿಗಳಿಗೆ ಒಬ್ಬರು, ಬೋಧನಾ ಆಸ್ಪತ್ರೆಗಳಲ್ಲಿ ಮೂವರಿಗೆ ಒಬ್ಬರು, ತೀವ್ರ ನಿಗಾ ಘಟಕದಲ್ಲಿ ಪ್ರತಿ ರೋಗಿಗೂ ಒಬ್ಬರು ದಾದಿ ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ನಮ್ಮ ಪಟ್ಟಣಗಳ ಆಸ್ಪತ್ರೆಯಲ್ಲಿ ರೋಗಿಯ ಜೊತೆ ಒಂದು ರಾತ್ರಿ ಕಳೆದವರಿಗೆ ಇದನ್ನು ಓದುವಾಗ ನಗು ಬರಬಹುದು. ಇಡೀ ವಾರ್ಡಿಗೆ ಒಬ್ಬಳೇ ದಾದಿ. ಒಂದು ಮಂಚದಲ್ಲಿ ಡ್ರಿಪ್ ಮುಗಿದಿರುತ್ತದೆ, ಮತ್ತೊಂದರಲ್ಲಿ ಮುದುಕಿ ವಾಂತಿ ಮಾಡಿಕೊಂಡಿರುತ್ತಾಳೆ, ಮೂರನೆಯದರಲ್ಲಿ ಜ್ವರ ಏರಿದ ಮಗು. ಇವುಗಳ ನಡುವೆ ರಿಜಿಸ್ಟರ್ ತುಂಬಬೇಕು, ವೈದ್ಯರಿಗೆ ಫೋನ್ ಮಾಡಬೇಕು, ಮಾಡಿದರೆ ಬೈಗುಳ, ಮಾಡದಿದ್ದರೆ ಬೆಳಗ್ಗೆ ನೋಟಿಸು. ಡ್ರಿಪ್ ಬದಲಿಸಲು ಹತ್ತು ನಿಮಿಷ ತಡವಾಯಿತೆಂದು ರೋಗಿಯ ಕಡೆಯವರು ಅಬ್ಬರಿಸುವುದು ಆಸ್ಪತ್ರೆಯ ಆಡಳಿತದ ಮೇಲಲ್ಲ, ಆಡಳಿತ ಎ.ಸಿ. ಕೋಣೆಯಲ್ಲಿ ಕಾಣದಂತಿರುತ್ತದೆ. ಆರು ದಾದಿಯರ ಕೆಲಸವನ್ನು ಒಬ್ಬಳ ಮೇಲೆ ಹೊರಿಸಿ ಐದು ಸಂಬಳ ಉಳಿಸಿದವರು ಅಲ್ಲಿ ಕುಳಿತಿರುತ್ತಾರೆ. ಬೈಗುಳ ತಿನ್ನಲು ಒಬ್ಬಳು ವಾರ್ಡಿನಲ್ಲಿ ನಿಂತಿರುತ್ತಾಳೆ.

ಹೀಗೆ ಒಂದೆರಡು ವರ್ಷ ಸವೆದವಳು ಬಿಟ್ಟು ಹೋಗುತ್ತಾಳೆ. ಅವಳ ಜಾಗಕ್ಕೆ ಈಗಷ್ಟೇ ಪರೀಕ್ಷೆ ಪಾಸಾದವಳು ಬರುತ್ತಾಳೆ. ಅನುಭವವಿಲ್ಲದವಳಿಂದ ತಪ್ಪಾಗುತ್ತದೆ, ತಪ್ಪಿನಿಂದ ಜಗಳ, ಜಗಳದಿಂದ ಮತ್ತೊಂದು ರಾಜೀನಾಮೆ. ಕೊಲ್ಲಿ ರಾಷ್ಟ್ರಗಳಿಗೆ, ಬ್ರಿಟನ್ನಿಗೆ, ಜರ್ಮನಿಗೆ ನಮ್ಮ ಹುಡುಗಿಯರು ಹೋಗುವುದನ್ನು ಹಣದ ಆಸೆಯೆಂದು ಮೂದಲಿಸುವವರಿದ್ದಾರೆ. ಹಣದ ಜೊತೆಗೆ ಅಲ್ಲಿ ನಿಗದಿತ ಪಾಳಿಯಿದೆ, ಬರಹದಲ್ಲಿರುವ ರಜೆಯಿದೆ, ದೂರು ಕೊಟ್ಟರೆ ಕೇಳುವವರಿದ್ದಾರೆ ಎಂಬುದನ್ನು ರಜೆಯಲ್ಲಿ ಊರಿಗೆ ಬಂದವರು ಹೇಳುತ್ತಾರೆ. ಮನೆ ಬಿಟ್ಟು ಸಾವಿರಾರು ಮೈಲಿ ದೂರ ಇರಲು ಯಾವ ತಾಯಿಗೂ ಇಷ್ಟವಿರುವುದಿಲ್ಲ.

ಸಂಬಳದ ಕಥೆ ಇನ್ನೂ ವಿಚಿತ್ರ. ಖಾಸಗಿ ಆಸ್ಪತ್ರೆಗಳ ದಾದಿಯರ ದುಃಸ್ಥಿತಿಯ ಕುರಿತು ಭಾರತೀಯ ತರಬೇತಿ ಪಡೆದ ದಾದಿಯರ ಸಂಘವು ಹೂಡಿದ ದಾವೆಯಲ್ಲಿ, ಸಮಿತಿಯೊಂದನ್ನು ರಚಿಸುವಂತೆ ಸುಪ್ರೀಮ್ ಕೋರ್ಟ್ 2016ರ ಜನವರಿಯಲ್ಲಿ ಕೇಂದ್ರಕ್ಕೆ ಸೂಚಿಸಿತು. ಡಾ. ಜಗದೀಶ್ ಪ್ರಸಾದ್ ನೇತೃತ್ವದ ಆ ಸಮಿತಿ ಅದೇ ವರ್ಷ ಶಿಫಾರಸು ಮಾಡಿತು: 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಾದರೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಕೂಡದು, 200 ಹಾಸಿಗೆ ಮೀರಿದ ಆಸ್ಪತ್ರೆಯಾದರೆ ಸರಕಾರಿ ದಾದಿಯರಿಗೆ ಸಮನಾದ ಸಂಬಳ ಕೊಡಬೇಕು. ಆರೋಗ್ಯವು ರಾಜ್ಯಗಳ ವಿಷಯವೆಂದು ಕೇಂದ್ರ ಸರಕಾರ ಆ ಶಿಫಾರಸನ್ನು ರಾಜ್ಯಗಳಿಗೆ ರವಾನಿಸಿ ಕೈತೊಳೆದುಕೊಂಡಿತು. ಕೇರಳದಲ್ಲಿ ದಾದಿಯರು ಸಂಘಟಿತರಾಗಿ 2017ರಲ್ಲಿ ಮುಷ್ಕರ ಹೂಡಿದ್ದರಿಂದ, 2018ರ ಏಪ್ರಿಲಿನಲ್ಲಿ 20,000 ರೂಪಾಯಿಗಳ ಕನಿಷ್ಠ ವೇತನದ ಅಧಿಸೂಚನೆ ಹೊರಬಿತ್ತು. ಗಡಿಯ ಈಚೆಗಿನ ನಮ್ಮ ರಾಜ್ಯದಲ್ಲಿ ದಾದಿಯರ ಕಾಲೇಜುಗಳಿಗೆ ಬರವಿಲ್ಲ, ಆದರೆ ಹೊರಬಂದವರಿಗೆ ಎಷ್ಟು ಸಂಬಳ ಸಿಗುತ್ತದೆಂಬ ಚರ್ಚೆ ವಿಧಾನಸಭೆಯಲ್ಲಿ ಕೇಳಿಬರುವುದು ಅಪರೂಪ. ಮೂಲ ಪ್ರಮಾಣಪತ್ರಗಳನ್ನು ಅಡವಿಟ್ಟುಕೊಂಡಂತೆ ಕಪಾಟಿನಲ್ಲಿರಿಸಿ, ಬಿಟ್ಟು ಹೋಗುವುದಾದರೆ ಹಣ ಕಟ್ಟು ಎನ್ನುವ ಬಾಂಡ್ ಪದ್ಧತಿಯೂ ಎಲ್ಲರಿಗೂ ತಿಳಿದ ಗುಟ್ಟು. ಜೀತಪದ್ಧತಿ 1976ರಲ್ಲೇ ಕಾನೂನಿನಿಂದ ರದ್ದಾಗಿದೆಯೆಂದು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ.

ಸರಕಾರಗಳೇ ಮೇಲ್ಪಂಕ್ತಿ ಹಾಕದಿರುವಾಗ ಖಾಸಗಿಯವರನ್ನು ಮಾತ್ರ ದೂರಿ ಪ್ರಯೋಜನವೇನು? ದಾದಿಯರಿಗೆ ಈಗ ಶುಶ್ರೂಷಾಧಿಕಾರಿ ಎಂಬ ಗೌರವದ ಹೆಸರು ಬಂದಿದೆ. ಆದರೆ ಅದೇ ವಾರ್ಡಿನಲ್ಲಿ ಅದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬರು ಖಾಯಂ, ಇನ್ನೊಬ್ಬರು ಗುತ್ತಿಗೆ. ನೆಲ ಒರೆಸುವವರು, ಸ್ಟ್ರೆಚರ್ ತಳ್ಳುವವರು ಹೊರಗುತ್ತಿಗೆಯ ಏಜೆನ್ಸಿಗೆ ಸೇರಿದವರು, ಏಜೆನ್ಸಿ ಬದಲಾದರೆ ಅವರ ಭವಿಷ್ಯನಿಧಿಯ ಲೆಕ್ಕ ಕೇಳುವವರಿಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ತತ್ವ ತಾತ್ಕಾಲಿಕ ನೌಕರರಿಗೂ ಅನ್ವಯಿಸುತ್ತದೆಂದು ಸುಪ್ರೀಮ್ ಕೋರ್ಟ್ 2016ರ ಅಕ್ಟೋಬರಿನಲ್ಲಿ ಜಗಜಿತ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹಾಗಿದ್ದೂ 2023ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಅದನ್ನೇ ಕೇಳಲು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ದಿನಗಟ್ಟಲೆ ಕೂರಬೇಕಾಯಿತು. ಕೊರೋನಾ ಕಾಲದಲ್ಲಿ, 2020ರ ಮಾರ್ಚ್ 22ರಂದು ಇವರಿಗಾಗಿ ದೇಶ ತಟ್ಟೆ ಬಡಿಯಿತು, ಮೇ 3ರಂದು ಹೆಲಿಕಾಪ್ಟರಿನಿಂದ ಹೂ ಸುರಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ದಿಲ್ಲಿಯ ನಗರಪಾಲಿಕೆಯ ಹಿಂದೂ ರಾವ್ ಆಸ್ಪತ್ರೆಯ ವೈದ್ಯರು ತಿಂಗಳುಗಳಿಂದ ಸಂಬಳ ಬಂದಿಲ್ಲವೆಂದು ಧರಣಿ ಕುಳಿತಿದ್ದರು. ಸಾರ್ವಜನಿಕ ಆರೋಗ್ಯದ ವೆಚ್ಚವನ್ನು 2025ರೊಳಗೆ ರಾಷ್ಟ್ರೀಯ ಉತ್ಪನ್ನದ ಶೇಕಡಾ 2.5ಕ್ಕೆ ಏರಿಸುವುದಾಗಿ 2017ರ ರಾಷ್ಟ್ರೀಯ ಆರೋಗ್ಯ ನೀತಿ ಮಾತು ಕೊಟ್ಟಿತ್ತು. ಆ ವರ್ಷ ಬಂದು ಹೋಯಿತು.

ಇಷ್ಟು ಬರೆದು ಲೇಖನಿ ಕೆಳಗಿಟ್ಟರೆ ಅದು ಅಪ್ರಾಮಾಣಿಕತೆಯಾದೀತು. ಸರಕಾರವನ್ನು ಟೀಕಿಸುವುದು ಸುಲಭ. ನಮ್ಮ ಸಮುದಾಯವೂ ಇಂದು ಆಸ್ಪತ್ರೆಗಳನ್ನು, ಕ್ಲಿನಿಕ್‌ಗಳನ್ನು, ಡಯಾಲಿಸಿಸ್ ಕೇಂದ್ರಗಳನ್ನು ನಡೆಸುತ್ತಿದೆ. ಬಡ ರೋಗಿಗಳಿಗೆ ಅವುಗಳಿಂದಾಗುವ ಉಪಕಾರ ಸಣ್ಣದಲ್ಲ. ಆದರೆ ಅಲ್ಲಿನ ದಾದಿಗೆ, ಲ್ಯಾಬ್ ತಂತ್ರಜ್ಞನಿಗೆ, ರಾತ್ರಿ ಕಾವಲಿನವನಿಗೆ ಸಿಗುವ ಸಂಬಳವೆಷ್ಟೆಂದು ಕೇಳಿದರೆ ಅನೇಕ ಕಡೆ ಸಿಗುವ ಉತ್ತರ ಒಂದೇ: ಇದು ಸೇವಾ ಸಂಸ್ಥೆ. ಸೇವೆ ಮಾಡುತ್ತೇವೆಂದು ಸಂಕಲ್ಪಿಸಿದವರು ಟ್ರಸ್ಟಿಗಳು. ಅವರು ತಮ್ಮ ಸಮಯವನ್ನೂ ಹಣವನ್ನೂ ಕೊಡಲಿ, ಅಲ್ಲಾಹನು ಅದಕ್ಕೆ ಪ್ರತಿಫಲ ನೀಡಲಿ. ಆದರೆ ಮನೆಬಾಡಿಗೆ ಕಟ್ಟಬೇಕಾದ ಹೆಣ್ಣುಮಗಳೊಬ್ಬಳ ಸಂಬಳವನ್ನು ಅರ್ಧಕ್ಕಿಳಿಸಿ ಬಡವರಿಗೆ ರಿಯಾಯಿತಿ ಕೊಟ್ಟರೆ, ಆ ದಾನವನ್ನು ಮಾಡಿದವರು ಟ್ರಸ್ಟಿಗಳಲ್ಲ, ಆ ಹೆಣ್ಣುಮಗಳು. ಅದೂ ಆಕೆಯ ಒಪ್ಪಿಗೆಯಿಲ್ಲದೆ. ಹೆಸರು ಮಾತ್ರ ಶಿಲಾಫಲಕದಲ್ಲಿ ಇನ್ನೊಬ್ಬರದು.

ಈ ವಿಷಯದಲ್ಲಿ ಇಸ್ಲಾಮಿನ ನಿಲುವಿಗೆ ಎರಡು ಅರ್ಥಗಳಿಲ್ಲ. ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಂದು ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂದು ಬುಖಾರಿಯಲ್ಲಿ ವರದಿಯಾದ ಹದೀಸ್ ಎಚ್ಚರಿಸುತ್ತದೆ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಆಜ್ಞೆ ನಮ್ಮ ಮಕ್ಕಳಿಗೂ ಗೊತ್ತು. ಅಷ್ಟಾಗಿ ನೆನಪಿಗೆ ಬಾರದ ಮತ್ತೊಂದು ಬೋಧನೆಯಿದೆ. ಅಬೂದರ್(ರ)ರೊಡನೆ ಮಾತನಾಡುತ್ತಾ ಪ್ರವಾದಿ(ಸ)ರು, ಕೈಕೆಳಗೆ ದುಡಿಯುವವರು ನಿಮ್ಮ ಸಹೋದರರೆಂದೂ, ಅವರ ಶಕ್ತಿಗೆ ಮೀರಿದ ಹೊರೆ ಹೊರಿಸಬಾರದೆಂದೂ, ಹೊರಿಸಿದರೆ ನೀವೂ ಕೈಜೋಡಿಸಬೇಕೆಂದೂ ತಿಳಿಸಿದ್ದರು. ಒಬ್ಬ ದಾದಿಗೆ ಎಷ್ಟು ರೋಗಿಗಳೆಂಬ ಪ್ರಶ್ನೆಗೆ ಶುಶ್ರೂಷಾ ಪರಿಷತ್ತಿನ ಮಾನದಂಡವನ್ನು ಓದದವರು ಈ ಹದೀಸನ್ನಾದರೂ ಓದಬಹುದು.

ಅಸ್ಲಮ್ ಗೋತ್ರದ ಮಹಿಳೆಯೊಬ್ಬರ ಗುಡಾರ ಪ್ರವಾದಿ(ಸ)ರ ಮಸೀದಿಯ ಆವರಣದಲ್ಲಿತ್ತು. ಕಂದಕ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಶುಶ್ರೂಷೆಗಾಗಿ ಅಲ್ಲಿಗೇ ಸೇರಿಸಲಾಯಿತು. ಆ ಮಹಿಳೆಯ ಹೆಸರನ್ನು ರುಫೈದಾ ಎಂದು ಕೆಲವರು, ಕುಐಬಾ ಎಂದು ಇಬ್ನ್ ಸಅದ್ ದಾಖಲಿಸಿದ್ದಾರೆ. ರುಫೈದಾರ ತ್ಯಾಗವನ್ನು ನಮ್ಮ ಭಾಷಣಕಾರರು ಮನಮುಟ್ಟುವಂತೆ ವರ್ಣಿಸುತ್ತಾರೆ. ಆದರೆ ಖೈಬರ್‌ನ ಬಳಿಕ ಆಕೆಗೆ ಯೋಧನೊಬ್ಬನಿಗೆ ಸಲ್ಲುವಷ್ಟೇ ಪಾಲನ್ನು ಪ್ರವಾದಿ(ಸ)ರು ಕೊಡಿಸಿದರೆಂದು ಇಬ್ನ್ ಸಅದ್ ಬರೆದಿರುವುದನ್ನು ಎಷ್ಟು ಮಂದಿ ಹೇಳುತ್ತಾರೆ? ಮುಂದಿನ ಶತಮಾನಗಳಲ್ಲಿ ಮುಸ್ಲಿಮ್ ನಗರಗಳಲ್ಲಿ ಎದ್ದ ಬೀಮಾರಿಸ್ತಾನ್‌ಗಳೂ ಈ ದಾರಿಯನ್ನೇ ಹಿಡಿದವು. ಸುಲ್ತಾನ್ ಖಲಾವೂನ್ 1284ರಲ್ಲಿ ಕೈರೋದಲ್ಲಿ ಕಟ್ಟಿಸಿದ ಆಸ್ಪತ್ರೆಗೆ ಅಂಗಡಿ, ಮಳಿಗೆಗಳ ಆದಾಯವನ್ನು ವಕ್ಫ್ ಮಾಡಲಾಗಿತ್ತು. ರೋಗಿಗಳ ಔಷಧ, ಆಹಾರದೊಂದಿಗೆ ವೈದ್ಯರ ಮತ್ತು ಪರಿಚಾರಕ, ಪರಿಚಾರಿಕೆಯರ ಸಂಬಳವೂ ಆ ವಕ್ಫ್‌ನಿಂದಲೇ ಸಲ್ಲುತ್ತಿತ್ತು. ಕಟ್ಟಡ ಕಟ್ಟಿದರೆ ಆಸ್ಪತ್ರೆಯಾಗುವುದಿಲ್ಲ, ಅದರೊಳಗೆ ದುಡಿಯುವವರ ಹೊಟ್ಟೆಗೂ ದಾರಿ ಮಾಡಬೇಕೆಂಬ ವಿವೇಕ ಏಳು ಶತಮಾನಗಳ ಹಿಂದೆಯೇ ಇತ್ತು.

ರೋಗಿಯ ಕಡೆಯವರಾಗಿ ನಮ್ಮ ನಡವಳಿಕೆಯ ಬಗ್ಗೆಯೂ ಒಂದು ಮಾತು. ರೋಗಿಯ ಸಂದರ್ಶನ ಸುನ್ನತ್ ಎಂಬುದು ನಿಜ. ಅದನ್ನು ಚುಟುಕಾಗಿ ಮುಗಿಸಿ ಎದ್ದು ಬರಬೇಕೆಂದು ವಿದ್ವಾಂಸರು ಹೇಳಿರುವುದೂ ನಿಜ. ಇಪ್ಪತ್ತು ಮಂದಿ ಒಟ್ಟಿಗೆ ವಾರ್ಡಿಗೆ ನುಗ್ಗಿ, ತಡೆದ ಕಾವಲುಗಾರನನ್ನು ತಳ್ಳಿ, ದಾದಿಗೆ ಏರುದನಿಯಲ್ಲಿ ಆಜ್ಞಾಪಿಸುವುದು ಯಾವ ಸುನ್ನತ್ತಿನಲ್ಲೂ ಇಲ್ಲ. 2020ರ ಏಪ್ರಿಲಿನಲ್ಲಿ ಇಂದೋರಿನ ಟಾಟ್‌ಪಟ್ಟಿ ಬಾಖಲಿನಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ಕಲ್ಲು ಬಿತ್ತು, ಬೆಂಗಳೂರಿನ ಪಾದರಾಯನಪುರದಲ್ಲಿ ದಾಂಧಲೆ ನಡೆಯಿತು. ತಬ್ಲೀಗ್‌ನ ಹೆಸರಿನಲ್ಲಿ ಇಡೀ ಸಮುದಾಯವನ್ನು ಮಾಧ್ಯಮಗಳು ಕಟಕಟೆಯಲ್ಲಿ ನಿಲ್ಲಿಸಿದ್ದ ದಿನಗಳವು, ಭಯವೂ ವದಂತಿಯೂ ಹಬ್ಬಿದ್ದವು. ಅದು ಕಾರಣವಾದೀತೇ ಹೊರತು ಸಮರ್ಥನೆಯಾಗದು. ಇಂದೋರಿನಲ್ಲಿ ಪೆಟ್ಟು ತಿಂದ ಇಬ್ಬರು ವೈದ್ಯೆಯರು ಮರುದಿನವೇ ಅದೇ ಬಡಾವಣೆಗೆ ಕೆಲಸಕ್ಕೆ ಮರಳಿದರು. ಅವರಲ್ಲೊಬ್ಬರು ಮುಸ್ಲಿಮ್ ವೈದ್ಯೆ.

ತಪ್ಪು ಎಲ್ಲಿದೆಯೆಂದು ಹುಡುಕುವ ಮುನ್ನ ಕೈಗೆ ಸಿಕ್ಕವರನ್ನು ಹಿಡಿಯುವ ಚಾಳಿಯೂ ಇದೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ಅಸುನೀಗಿದಾಗ ಜನರ ಸಿಟ್ಟು ಮೊದಲು ತಿರುಗಿದ್ದು ಅಲ್ಲಿನ ಸಿಬ್ಬಂದಿಯತ್ತ. ಅನಂತರ ಸಂಶಯ ಪಶ್ಚಿಮ ಬಂಗಾಳದ ಕಂಪೆನಿಯೊಂದು ಪೂರೈಸಿದ ಐ.ವಿ. ದ್ರಾವಣದತ್ತ ಹೊರಳಿತು, ಸರಕಾರ ಅದರ ಬಳಕೆಯನ್ನು ನಿಲ್ಲಿಸಿತು. ಬಾಟಲಿಯನ್ನು ಖರೀದಿಸಿದವರು ಬೇರೆ, ಪರೀಕ್ಷಿಸಬೇಕಾದವರು ಬೇರೆ, ನೇತುಹಾಕಿದ ಕೈ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ.

ಇನ್ನು ನಮ್ಮ ಹೆಣ್ಣುಮಕ್ಕಳ ವಿಚಾರ. ಮಗಳು ಡಾಕ್ಟರಾಗಲೆಂದು ಜಮೀನು ಮಾರಲು ಸಿದ್ಧರಿರುವ ತಂದೆಯಂದಿರು, ನರ್ಸಿಂಗ್ ಎಂದೊಡನೆ ಮುಖ ಸಿಂಡರಿಸುತ್ತಾರೆ. ರಾತ್ರಿಪಾಳಿಯ ಹೆಸರೆತ್ತಿ ಸಂಬಂಧ ಮುರಿದುಹೋದ ಉದಾಹರಣೆಗಳು ನಮ್ಮ ಕಿವಿಗೂ ಬಿದ್ದಿವೆ. ಅದೇ ತಂದೆ ತನ್ನ ಹೆಂಡತಿಯ ಹೆರಿಗೆಗೆ ಮಹಿಳಾ ದಾದಿಯೇ ಬೇಕೆಂದು ಪಟ್ಟು ಹಿಡಿಯುತ್ತಾನೆ. ಯಾರೋ ಒಬ್ಬರ ಮಗಳು ರಾತ್ರಿ ಎಚ್ಚರವಿರದಿದ್ದರೆ ಅವಳು ಬರುವುದಾದರೂ ಎಲ್ಲಿಂದ? ರಾತ್ರಿಪಾಳಿಯ ಬಗ್ಗೆ ಹೆತ್ತವರಿಗಿರುವ ಆತಂಕವನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಕೋಲ್ಕತಾದ ಘಟನೆಯ ಬಳಿಕ ಅದು ಆಧಾರರಹಿತ ಎನ್ನಲು ಯಾರಿಗೂ ಬಾಯಿಲ್ಲ. ಅದಕ್ಕೆ ಉತ್ತರ ಮಗಳನ್ನು ಮನೆಯಲ್ಲಿ ಕೂರಿಸುವುದರಲ್ಲಿಲ್ಲ, ಮನೆಯಿಂದ ವಾರ್ಡಿಗೆ ಮತ್ತು ವಾರ್ಡಿನಿಂದ ಮನೆಗೆ ವಾಹನ, ಚಿಲಕವಿರುವ ವಿಶ್ರಾಂತಿ ಕೊಠಡಿ, 2013ರ ಕಾಯಿದೆ ಹೇಳಿರುವಂತೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇವೆಲ್ಲ ಇವೆಯೇ ಎಂದು ಆಸ್ಪತ್ರೆಯನ್ನು ಕೇಳುವುದರಲ್ಲಿದೆ. ತನ್ನ ಮಗಳಿಗಾಗಿ ತಂದೆ ಕೇಳುವ ಈ ಪ್ರಶ್ನೆ ಅಲ್ಲಿ ಈಗಾಗಲೇ ದುಡಿಯುತ್ತಿರುವ ಎಲ್ಲ ಹೆಣ್ಣುಮಕ್ಕಳಿಗೂ ಉಪಕಾರವಾದೀತು.

ರಾಜ್ಯ ಸರಕಾರದ ಕೈಯಲ್ಲಿ ಸಾಧನವಿಲ್ಲದಿಲ್ಲ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ಪ್ರತಿ ಖಾಸಗಿ ಆಸ್ಪತ್ರೆಯೂ ನೋಂದಣಿ ಮಾಡಿಸಿಕೊಳ್ಳಬೇಕು. 2017ರ ನವೆಂಬರಿನಲ್ಲಿ ಆ ಕಾಯಿದೆಯ ತಿದ್ದುಪಡಿಯ ವಿರುದ್ಧ ಖಾಸಗಿ ವೈದ್ಯರು ಆಸ್ಪತ್ರೆ ಮುಚ್ಚಿ ಬೆಳಗಾವಿಗೆ ಹೋದಾಗ, ಸರಕಾರ ತರಾತುರಿಯಲ್ಲಿ ಮಾತುಕತೆಗೆ ಕುಳಿತಿತು. ದರಪಟ್ಟಿಯ ಬಗ್ಗೆ ವಾದ ನಡೆಯಿತು, ಜೈಲು ಶಿಕ್ಷೆಯ ಬಗ್ಗೆ ನಡೆಯಿತು. ಅದೇ ಆಸ್ಪತ್ರೆಗಳ ದಾದಿಯರ ಬಗ್ಗೆ ಎರಡೂ ಕಡೆಯವರಿಗೆ ಹೇಳಲು ಏನೂ ಇರಲಿಲ್ಲ. ನೋಂದಣಿ ನವೀಕರಣದ ವೇಳೆ ರೋಗಿ ಮತ್ತು ದಾದಿಯರ ಪ್ರಮಾಣ, ಬ್ಯಾಂಕಿನ ಮೂಲಕ ಸಂಬಳ ಕೊಟ್ಟ ದಾಖಲೆ, ವಿಶ್ರಾಂತಿ ಕೊಠಡಿ ಇವುಗಳನ್ನು ಕಡ್ಡಾಯವಾಗಿ ಪರಿಶೀಲಿಸಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಪ್ರತಿ ನೌಕರನಿಗೂ ನೇಮಕಾತಿ ಪತ್ರ ಕೊಡಬೇಕೆನ್ನುತ್ತವೆ. ಆ ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಗಳಿಗಿರುವ ಆಕ್ಷೇಪಗಳು ಗಂಭೀರವಾದವು. ಆದರೆ ಈ ಒಂದು ಅಂಶವನ್ನು ನಾಳೆಯೇ ಕೇಳಬಹುದು. ಮೂಲ ಪ್ರಮಾಣಪತ್ರ ಒತ್ತೆಯಿಟ್ಟುಕೊಳ್ಳುವುದನ್ನು ದಂಡಾರ್ಹ ಅಪರಾಧವೆಂದು ಸರಕಾರ ಸ್ಪಷ್ಟವಾಗಿ ಘೋಷಿಸಲಿ.

ಪ್ರತಿ ರಮಝಾನಿನಲ್ಲಿ ನಮ್ಮ ಆಸ್ಪತ್ರೆಗಳ ಮನವಿಪತ್ರಗಳು ಮನೆಮನೆಗೂ ಬರುತ್ತವೆ. ಡಯಾಲಿಸಿಸ್ ಯಂತ್ರಕ್ಕಿಷ್ಟು, ಆಂಬುಲೆನ್ಸಿಗಿಷ್ಟು, ಹೊಸ ಕಟ್ಟಡದ ಚದರಡಿಗಿಷ್ಟು ಎಂದು ಬರೆದಿರುತ್ತದೆ. ಒಬ್ಬ ದಾದಿಯ ವರ್ಷದ ಸಂಬಳಕ್ಕಿಷ್ಟು ಎಂಬ ಸಾಲು ಕಾಣಸಿಗುವುದು ಅಪರೂಪ. ಝಕಾತ್‌ನ ಹಣವನ್ನು ಸಂಬಳಕ್ಕೆ ಬಳಸಬಹುದೇ ಎಂಬ ಕರ್ಮಶಾಸ್ತ್ರದ ಚರ್ಚೆ ವಿದ್ವಾಂಸರಿಗಿರಲಿ, ಸದಕಾ ಮತ್ತು ವಕ್ಫ್‌ಗೆ ಆ ತೊಡಕಿಲ್ಲ. ಬರುವ ವರ್ಷದ ಮನವಿಪತ್ರದಲ್ಲಿ ಆ ಸಾಲು ಸೇರಲಿ. ಅದಕ್ಕೂ ಮೊದಲು, ದೇಣಿಗೆ ಕೊಟ್ಟ ಸದಸ್ಯರು ಟ್ರಸ್ಟಿನ ವಾರ್ಷಿಕ ಮಹಾಸಭೆಗೆ ಹೋದಾಗ ಲೆಕ್ಕಪತ್ರದ ಜೊತೆಗೆ ಸಂಬಳದ ಪುಸ್ತಕವನ್ನೂ ಮೇಜಿನ ಮೇಲಿಡುವಂತೆ ಕೇಳಲಿ. ಸಭೆ ಮುಗಿದ ಮೇಲೆ ಊಟಕ್ಕೆ ಕೂರುವ ಮುನ್ನ, ರಾತ್ರಿಪಾಳಿಯ ದಾದಿಯರು ಎಲ್ಲಿ ಮಲಗುತ್ತಾರೆಂದು ಒಮ್ಮೆ ಮೆಟ್ಟಿಲು ಹತ್ತಿ ನೋಡಿ ಬರಲಿ.